ಮೊದಲು ದಿನ ಹಂಚಿ, ಆಮೇಲೆ ದಾರಿ ಹುಡುಕಿ

(ಗಂಗಾವತಿಯಲ್ಲಿ ಕ್ಯಾನ್ ನೀರು, ಹಾಲು, ಬೇಕರಿ ಮಾಲು, ಗ್ಯಾಸ್ ಸಿಲಿಂಡರ್ ಹಂಚುವವರು ಮತ್ತು ಕಸದ ಗಾಡಿಗಳ ಉಸ್ತುವಾರಿ ನೋಡುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಭಾಗದಲ್ಲಿ ಗಾಡಿ ಓಡಿಸುವ ಕೆಲಸ ಎರಡು ಥರದ್ದು. ಒಂದು, ಇಲ್ಲಿನ ರೈಸ್ ಮಿಲ್ಲಿನಿಂದ ಅಕ್ಕಿ ಹೇರಿಕೊಂಡು ಬೆಂಗಳೂರಿಗೋ ಹೈದರಾಬಾದಿಗೋ ಹೋಗುವ ಲಾರಿ. ಹೋಯಿತು, ಇಳಿಸಿತು, ಬಂತು. ಅದಕ್ಕೆ ಯಾವ ದಾರಿ ಹತ್ತಿರ, ಎಲ್ಲಿ ಟೋಲ್ ಕಡಿಮೆ ಅಂತ ಗೊತ್ತಿದ್ದರೆ ಸಾಕು. ಇನ್ನೊಂದು ನಿಮ್ಮ ಕೆಲಸ. ಅದೇ ಓಣಿ, ಅದೇ ಮನೆ, ಅದೇ ಹೋಟೆಲು, ಅದೇ ಡೇರಿ. ಇವತ್ತು ಹೋದ ಬಾಗಿಲಿಗೆ ನಾಡಿದ್ದು ಮತ್ತೆ ಹೋಗಬೇಕು. ವರ್ಷಪೂರ್ತಿ ಇದೇ ತಿರುಗಾಟ.

ಈ ಎರಡನೇ ಕೆಲಸದ ಬಗ್ಗೆ ಮಾತು ಬಂದಾಗಲೆಲ್ಲ ಎಲ್ಲರೂ ಕೇಳುವುದು ದಾರಿಯ ಬಗ್ಗೆಯೇ. ‘ಹಿರೇಜಂತಕಲ್ ಕಡೆಯಿಂದ ಹೋಗ್ಲೋ, ಜುಲೈ ನಗರದ ಕಡೆಯಿಂದ ಹೋಗ್ಲೋ?’ ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇಷ್ಟು: ಆ ಪ್ರಶ್ನೆ ಎರಡನೆಯದು. ಮೊದಲನೆಯದು, ಯಾವ ಮನೆಗೆ ಯಾವ ಯಾವ ದಿನ ಹೋಗಬೇಕು ಅನ್ನೋದು. ದಿನ ತಪ್ಪಾಗಿ ಹಂಚಿದರೆ ಆಮೇಲೆ ಎಷ್ಟೇ ಒಳ್ಳೆ ದಾರಿ ಹುಡುಕಿದರೂ ಡೀಸೆಲ್ ಉಳಿಯಲ್ಲ, ಹುಡುಗರ ಸೊಂಟವೂ ಉಳಿಯಲ್ಲ.

ಒಂದು ಲೆಕ್ಕ ಹಾಕೋಣ. ಇಲ್ಲಿ ಕ್ಯಾನ್ ನೀರಿನವರು ಜಾಸ್ತಿ ಇದ್ದೀರಿ, ನಿಮ್ಮ ಉದಾಹರಣೆಯನ್ನೇ ತಗೊಳ್ತೀನಿ.

ಒಬ್ಬರ ಹತ್ತಿರ ಒಂದು ಟಾಟಾ ಏಸ್ ಇದೆ ಅಂದುಕೊಳ್ಳಿ. 20 ಲೀಟರ್ ಕ್ಯಾನ್ ತುಂಬಿದರೆ ಕ್ಯಾನಿನ ತೂಕವೂ ಸೇರಿ 21 ಕಿಲೋ ಹತ್ತಿರ ಬರುತ್ತದೆ. ಅಂಥ ಸಣ್ಣ ಗಾಡಿಗೆ 35 ಕ್ಯಾನ್ ಹೇರಿದರೆ ಸುಮಾರು 735 ಕಿಲೋ. ಅಲ್ಲಿಗೆ ನಿಲ್ಲಿಸುವುದು ಒಳ್ಳೆಯದು. ಇವರ ಗಿರಾಕಿಗಳು ಮೂರು ಥರ. ಐದು ಹೋಟೆಲುಗಳಿಗೆ ದಿನಾ ನಾಲ್ಕು ನಾಲ್ಕು ಕ್ಯಾನ್. ಹತ್ತು ಅಂಗಡಿ, ಆಫೀಸುಗಳಿಗೆ ವಾರಕ್ಕೆ ಮೂರು ಸಲ, ಹೋದಾಗ ಎರಡೆರಡು ಕ್ಯಾನ್. ಅರವತ್ತು ಮನೆಗಳಿಗೆ ವಾರಕ್ಕೆ ಎರಡು ಸಲ, ಹೋದಾಗ ಒಂದೊಂದು. ಭಾನುವಾರ ರಜೆ. ವಾರಕ್ಕೆ ಹೋಟೆಲಿನದು 120, ಅಂಗಡಿಗಳದು 60, ಮನೆಗಳದು 120. ಒಟ್ಟು 300 ಕ್ಯಾನ್.

ಈಗ ಸಾಮಾನ್ಯವಾಗಿ ಏನಾಗುತ್ತದೆ? ವಾರಕ್ಕೆ ಮೂರು ಸಲ ಅಂದಕೂಡಲೇ ಎಲ್ಲರ ಬಾಯಲ್ಲೂ ಬರುವುದು ಸೋಮವಾರ, ಬುಧವಾರ, ಶುಕ್ರವಾರ. ಎರಡು ಸಲ ಅಂದರೆ ಸೋಮವಾರ, ಗುರುವಾರ. ಎಲ್ಲರಿಗೂ ಸೋಮವಾರವೇ ಬೇಕು, ಯಾಕಂದರೆ ಭಾನುವಾರ ಕ್ಯಾನ್ ಖಾಲಿಯಾಗಿರುತ್ತದೆ. ಹಾಗೇ ಒಪ್ಪಿಕೊಂಡು ಹೋದರೆ ಸೋಮವಾರ 100 ಕ್ಯಾನ್, ಮಂಗಳವಾರ 20, ಬುಧವಾರ 40, ಗುರುವಾರ 80, ಶುಕ್ರವಾರ 40, ಶನಿವಾರ 20.

ಸೋಮವಾರದ ಆ 100 ಕ್ಯಾನ್ ಅಂದರೆ ಎರಡು ಟನ್ನಿಗಿಂತ ಜಾಸ್ತಿ ತೂಕ. ಇಬ್ಬರು ಹುಡುಗರು ಅದನ್ನು ಒಂದೇ ದಿನ ಹೊತ್ತು, ಮೆಟ್ಟಿಲು ಹತ್ತಿ ಇಳಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಮರುದಿನ ಮಂಗಳವಾರ ಅದೇ ಹುಡುಗರು ಹತ್ತು ಗಂಟೆಗೇ ಕೆಲಸ ಮುಗಿಸಿ ಕೂತಿರುತ್ತಾರೆ. ಇದು ಯಾರಿಗೂ ನ್ಯಾಯ ಅಲ್ಲ.

ಈಗ ದಿನಗಳನ್ನು ಬೇರೆ ಥರ ಹಂಚೋಣ. ಅಂಗಡಿಗಳಲ್ಲಿ ಐದಕ್ಕೆ ಸೋಮ-ಬುಧ-ಶುಕ್ರ, ಇನ್ನೈದಕ್ಕೆ ಮಂಗಳ-ಗುರು-ಶನಿ. ಮನೆಗಳನ್ನು ಇಪ್ಪತ್ತಿಪ್ಪತ್ತರ ಮೂರು ಗುಂಪು ಮಾಡಿ. ಮೊದಲ ಗುಂಪಿಗೆ ಸೋಮ-ಗುರು, ಎರಡನೆಯದಕ್ಕೆ ಮಂಗಳ-ಶುಕ್ರ, ಮೂರನೆಯದಕ್ಕೆ ಬುಧ-ಶನಿ. ಕೂಡಿಸಿ ನೋಡಿ: ದಿನಕ್ಕೆ ಹೋಟೆಲಿನ 20, ಅಂಗಡಿಗಳ 10, ಮನೆಗಳ 20. ಆರೂ ದಿನ 50, 50. ವಾರದ 300ರಲ್ಲಿ ಒಂದು ಕ್ಯಾನೂ ಹೆಚ್ಚಿಲ್ಲ, ಕಡಿಮೆ ಇಲ್ಲ.

ಇಲ್ಲಿ ಒಂದು ವಿಚಾರ ಗಮನಿಸಿ. ಎರಡೂ ಥರದಲ್ಲಿ ವಾರದ ಟ್ರಿಪ್ ಎಣಿಸಿದರೆ 12ಕ್ಕೇ ಬರುತ್ತದೆ. ಮೊದಲನೆಯದರಲ್ಲಿ ಸೋಮವಾರ ಮೂರು, ಗುರುವಾರ ಮೂರು, ಬುಧ-ಶುಕ್ರ ಎರಡೆರಡು, ಉಳಿದ ದಿನ ಒಂದೊಂದು. ಎರಡನೆಯದರಲ್ಲಿ ದಿನಾ ಎರಡು. ಹಾಗಾದರೆ ಲಾಭ ಏನು? ಗಾಡಿ ಎಷ್ಟು ಬೇಕು, ಆಳು ಎಷ್ಟು ಬೇಕು ಅನ್ನುವುದನ್ನು ತೀರ್ಮಾನಿಸುವುದು ವಾರದ ಸರಾಸರಿ ಅಲ್ಲ, ವಾರದ ಅತಿ ಭಾರದ ದಿನ. ಸೋಮವಾರ ತಡೆಯಲಾಗದೆ ಎರಡನೇ ಗಾಡಿ ಕೊಂಡು, ಅದರ ಕಂತು ಕಟ್ಟುತ್ತಾ ವಾರದಲ್ಲಿ ನಾಲ್ಕು ದಿನ ಅದನ್ನು ಮನೆ ಮುಂದೆ ನಿಲ್ಲಿಸಿದವರು ನಮ್ಮ ಮೂರೂ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಗಾಡಿ ಕೊಳ್ಳುವ ಮುಂಚೆ ದಿನ ಹಂಚಿ ನೋಡಿ ಅಂತ ನಾನು ಕೈಮುಗಿದು ಕೇಳುವುದು ಅದಕ್ಕೇ.

ಆ ಮೂರು ಗುಂಪನ್ನು ಹೇಗೆ ಮಾಡುತ್ತೀರಿ ಅನ್ನೋದರಲ್ಲಿ ದಾರಿಯ ಲೆಕ್ಕ ಬರುತ್ತದೆ. ಗಿರಾಕಿ ಸೇರಿದ ಕ್ರಮದಲ್ಲಿ ಗುಂಪು ಮಾಡಿದರೆ ಇಸ್ಲಾಂಪುರದ ಒಂದೇ ಓಣಿಗೆ ಆರೂ ದಿನ ಹೋಗಬೇಕಾಗುತ್ತದೆ. ಓಣಿಯ ಪ್ರಕಾರ ಗುಂಪು ಮಾಡಿ. ಈ ಕಡೆ ಸೋಮ-ಗುರು, ಆ ಕಡೆ ಮಂಗಳ-ಶುಕ್ರ. ಹೋಟೆಲುಗಳಿಗೆ ಹೇಗೂ ದಿನಾ ಹೋಗಲೇಬೇಕು, ಊರೆಲ್ಲ ಹರಡಿರುತ್ತವೆ. ಅವನ್ನು ಮೊದಲು ನಕ್ಷೆಯ ಮೇಲೆ ಗುರುತು ಮಾಡಿ. ಒಂದು ಮನೆ ದಿನಾ ಹೋಗುವ ಹೋಟೆಲಿನ ಪಕ್ಕದಲ್ಲೇ ಇದ್ದರೆ ಅದಕ್ಕೆ ಯಾವ ದಿನ ಕೊಟ್ಟರೂ ದಾರಿ ಬೆಳೆಯಲ್ಲ. ಅಂಥ ಮನೆಗಳನ್ನು ಕೈಯಲ್ಲಿ ಇಟ್ಟುಕೊಳ್ಳಿ. ಯಾವ ದಿನ ಹಗುರ ಇದೆಯೋ ಆ ದಿನಕ್ಕೆ ಅವನ್ನು ಹಾಕಬಹುದು. ಮೂಲೆಯಲ್ಲಿ ಒಂಟಿಯಾಗಿ ಇರುವ ಮನೆಗೆ ಆ ಸ್ವಾತಂತ್ರ್ಯ ಇಲ್ಲ, ಅದರ ದಿನವನ್ನು ಮೊದಲೇ ಗಟ್ಟಿ ಮಾಡಬೇಕು.

ಇದೆಲ್ಲ ನಾನು ಕೂತು ಕಂಡುಹಿಡಿದದ್ದಲ್ಲ. 1959ರಲ್ಲಿ ಜಾರ್ಜ್ ಡಾಂಟ್‌ಜಿಗ್ ಮತ್ತು ಜಾನ್ ರಾಮ್ಸರ್ ಅನ್ನುವ ಇಬ್ಬರು ಅಮೆರಿಕದಲ್ಲಿ ಒಂದು ಲೇಖನ ಬರೆದರು. ಪೆಟ್ರೋಲ್ ಟ್ಯಾಂಕರುಗಳು ಡಿಪೋದಿಂದ ಹೊರಟು ಬಂಕುಗಳಿಗೆ ತೈಲ ಕೊಟ್ಟು ಬರಬೇಕು, ಒಟ್ಟು ಓಟ ಕಡಿಮೆಯಾಗಬೇಕು, ಅದು ಹೇಗೆ ಅನ್ನುವುದು ಅವರ ಪ್ರಶ್ನೆ. ಅಲ್ಲಿಂದ ಈ ವಿಷಯ ಗಣಿತದ ಒಂದು ದೊಡ್ಡ ಶಾಖೆಯಾಗಿ ಬೆಳೆಯಿತು. 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಒಂದು ಸುಲಭದ ಉಪಾಯ ಕೊಟ್ಟರು. ಅದು ಎಷ್ಟು ಸರಳ ಅಂದರೆ ಪೆನ್ಸಿಲ್ ಹಿಡಿದವರು ಯಾರಾದರೂ ಮಾಡಬಹುದು. ಡಿಪೋದಿಂದ ಒಂದು ಹಳ್ಳಿ 12 ಕಿಲೋಮೀಟರ್, ಇನ್ನೊಂದು 15, ಎರಡು ಹಳ್ಳಿಗಳ ನಡುವೆ 5. ಬೇರೆ ಬೇರೆ ಹೋಗಿ ಬಂದರೆ 24 ಮತ್ತು 30, ಒಟ್ಟು 54. ಒಂದೇ ಸುತ್ತಿನಲ್ಲಿ ಮುಗಿಸಿದರೆ 12, 5, 15, ಒಟ್ಟು 32. ಉಳಿತಾಯ 22. ಎಲ್ಲ ಜೋಡಿಗಳಿಗೂ ಹೀಗೆ ಉಳಿತಾಯ ಲೆಕ್ಕ ಹಾಕಿ, ಜಾಸ್ತಿ ಉಳಿಸುವ ಜೋಡಿಯಿಂದ ಶುರುಮಾಡಿ, ಗಾಡಿ ತುಂಬುವ ತನಕ ಸೇರಿಸುತ್ತಾ ಹೋಗುವುದು. ಅರವತ್ತು ವರ್ಷ ಕಳೆದರೂ ಈ ಉಪಾಯ ಇನ್ನೂ ಬಳಕೆಯಲ್ಲಿದೆ.

ದಿನದ ಪ್ರಶ್ನೆ ಎದುರಾಗಿದ್ದು ಕಸದಿಂದ. 1974ರಲ್ಲಿ ಬೆಲ್ಟ್ರಾಮಿ ಮತ್ತು ಬೋಡಿನ್ ನ್ಯೂಯಾರ್ಕ್ ನಗರದ ಕಸ ಎತ್ತುವ ಕೆಲಸವನ್ನು ಅಧ್ಯಯನ ಮಾಡಿದರು. ಕೆಲವು ಜಾಗಕ್ಕೆ ವಾರದ ಆರೂ ದಿನ ಗಾಡಿ ಬೇಕು, ಕೆಲವಕ್ಕೆ ಮೂರು ದಿನ ಸಾಕು. ಮೂರು ದಿನದವರನ್ನು ಸೋಮ-ಬುಧ-ಶುಕ್ರಕ್ಕೆ ಹಾಕುವುದೋ ಮಂಗಳ-ಗುರು-ಶನಿಗೆ ಹಾಕುವುದೋ? ನಮ್ಮ ಕ್ಯಾನ್ ನೀರಿನವರ ಪ್ರಶ್ನೆಯೇ, ಅಲ್ವಾ? 1984ರಲ್ಲಿ ಕ್ರಿಸ್ಟೊಫೈಡಿಸ್ ಮತ್ತು ಬೀಸ್ಲಿ ಇದನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ಮೊದಲು ಪ್ರತಿ ಗಿರಾಕಿಗೂ ಒಂದು ದಿನಗಳ ಜೋಡಿ ಕೊಡುವುದು, ಆಮೇಲೆ ಒಬ್ಬೊಬ್ಬರ ದಿನ ಅದಲುಬದಲು ಮಾಡಿ ಒಟ್ಟು ಓಟ ಇಳಿಯುತ್ತದಾ ಅಂತ ನೋಡುವುದು.

ಯಾಕೆ ಹೀಗೆ ತಡಕಾಡಬೇಕು, ಎಲ್ಲ ಸಾಧ್ಯತೆಗಳನ್ನೂ ನೋಡಿಬಿಡಬಹುದಲ್ಲ ಅಂತ ಕೇಳಬಹುದು. ಬರೀ ಹತ್ತು ನಿಲುಗಡೆ ಇದ್ದರೆ ಹೋಗುವ ಕ್ರಮಗಳು 36,28,800. ಹದಿನೈದಾದರೆ 1.3 ಲಕ್ಷ ಕೋಟಿ ದಾಟುತ್ತವೆ. ಇದು ದಾರಿಯದ್ದು ಮಾತ್ರ. ನಮ್ಮ ಅರವತ್ತು ಮನೆಗಳಿಗೆ ತಲಾ ಮೂರು ಥರದ ದಿನಗಳ ಆಯ್ಕೆ ಇದ್ದರೆ, ಹಂಚುವ ರೀತಿಗಳ ಸಂಖ್ಯೆ 29 ಅಂಕಿಯದು. ಯಾವ ಕಂಪ್ಯೂಟರೂ ಒಂದೊಂದಾಗಿ ನೋಡಿ ಮುಗಿಸಲಾರದು. ಹಾಗಾಗಿ ಅತ್ಯುತ್ತಮದ ಆಸೆ ಬಿಟ್ಟು, ಈಗಿನದಕ್ಕಿಂತ ಒಳ್ಳೆಯದನ್ನು ಹುಡುಕುವುದೇ ದಾರಿ. ಅದು ಹಾಳೆಯ ಮೇಲೂ ಆಗುತ್ತದೆ.

ದಿನದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅದನ್ನು ಆಸ್ಪತ್ರೆಯ ತ್ಯಾಜ್ಯದ ಉದಾಹರಣೆಯಲ್ಲಿ ಹೇಳುತ್ತೇನೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ರಕ್ತ ಹತ್ತಿದ ಬ್ಯಾಂಡೇಜು, ಹತ್ತಿಯಂಥದ್ದನ್ನು ಸಂಸ್ಕರಿಸದೆ 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಸರಿ, ದಿನ ಬಿಟ್ಟು ದಿನ ಗಾಡಿ ಕಳಿಸಿದರಾಯಿತು, ಸೋಮ-ಬುಧ-ಶುಕ್ರ ಅಂತ ಬರೆದುಬಿಡುತ್ತೇವೆ. ನೋಡೋಕೆ ಸರಿಯಾಗಿದೆ. ಆದರೆ ಶುಕ್ರವಾರ ಬೆಳಿಗ್ಗೆ ಗಾಡಿ ಹೋದ ಮೇಲೆ ಬಿದ್ದದ್ದು ಸೋಮವಾರ ಬೆಳಿಗ್ಗೆವರೆಗೂ ಅಲ್ಲೇ ಇರುತ್ತದೆ. 72 ಗಂಟೆ. ಮಂಗಳ-ಗುರು-ಶನಿ ಅಂತ ಬದಲಿಸಿದರೂ ಶನಿವಾರದಿಂದ ಮಂಗಳವಾರಕ್ಕೆ ಅದೇ 72. ವಾರಕ್ಕೆ ಏಳು ದಿನ, ಮೂರು ಸಲ ಹೋದರೆ ಎಲ್ಲೋ ಒಂದು ಕಡೆ ಮೂರು ದಿನದ ಸಂದು ಬಂದೇ ಬರುತ್ತದೆ. ಅಲ್ಲಿಗೆ ನಾಲ್ಕು ಸಲ ಹೋಗಲೇಬೇಕು, ಇಲ್ಲವೇ ವಾರದ ಲೆಕ್ಕ ಬಿಟ್ಟು ಎರಡು ವಾರದ ಪಟ್ಟಿ ಹಾಕಿ ನಿಜವಾಗಿಯೂ ದಿನ ಬಿಟ್ಟು ದಿನ ಹೋಗಬೇಕು. ಹಾಗೆ ಮಾಡಿದರೆ ಒಂದು ವಾರ ಭಾನುವಾರವೂ ಕೆಲಸ ಬೀಳುತ್ತದೆ, ಅದಕ್ಕೆ ಆಳಿನ ಏರ್ಪಾಟು ಮೊದಲೇ ಆಗಬೇಕು. ಹಾಗಾಗಿ ಎಷ್ಟು ಸಲ ಅನ್ನುವುದರ ಜೊತೆಗೆ ಎಷ್ಟು ಅಂತರದಲ್ಲಿ ಅನ್ನುವುದನ್ನೂ ಬರೆದುಕೊಳ್ಳಿ. ಹಸಿ ಕಸಕ್ಕೂ ಇದೇ ಮಾತು. ಒಣ ಕಸ ನಾಲ್ಕು ದಿನ ಮನೆಯಲ್ಲಿದ್ದರೂ ಏನೂ ಆಗಲ್ಲ. ಹಸಿ ಕಸ ನಮ್ಮ ಸೆಕೆಗೆ ಎರಡನೇ ದಿನಕ್ಕೇ ನಾರುತ್ತದೆ.

ಈಗ ಹಾಲಿಗೆ ಬರೋಣ. ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ನಾಲ್ಕೂ ಜಿಲ್ಲೆಗೆ ಸೇರಿ ಒಂದೇ ಹಾಲು ಒಕ್ಕೂಟ, ರಾಬಕೊವಿ. ಎಷ್ಟು ದೊಡ್ಡ ಬಯಲು ನೋಡಿ. ಹಾಲಿಗೆ ದಿನದ ಆಯ್ಕೆಯೇ ಇಲ್ಲ, ಬೆಳಿಗ್ಗೆ ಸಂಜೆ ಎರಡೂ ಹೊತ್ತು ಕರೆಯಬೇಕು. ಇಲ್ಲಿ ದಿನದ ಜಾಗದಲ್ಲಿ ಗಂಟೆ ಬಂದು ಕೂರುತ್ತದೆ. ಕರೆದ ಹಾಲನ್ನು ಮೂರು-ನಾಲ್ಕು ಗಂಟೆಯೊಳಗೆ 4 ಡಿಗ್ರಿಗೆ ತಣಿಸಬೇಕು.

ಒಂದು ಹಳ್ಳಿಯ ಡೇರಿ ಮುಂದೆ ಬೆಳಿಗ್ಗೆ ನಿಂತು ನೋಡಿ. ಹೆಣ್ಣುಮಕ್ಕಳು ಸ್ಟೀಲ್ ಕ್ಯಾನ್ ಹಿಡಿದು ಸಾಲಿನಲ್ಲಿ ಬರುತ್ತಾರೆ. ಕಾರ್ಯದರ್ಶಿ ಪ್ರತಿಯೊಬ್ಬರ ಹಾಲಿನಿಂದ ಸ್ವಲ್ಪ ತೆಗೆದು ಫ್ಯಾಟ್ ನೋಡಿ ಬರೆದುಕೊಳ್ಳುತ್ತಾರೆ. ಹಾಲು 40 ಲೀಟರಿನ ದೊಡ್ಡ ಕ್ಯಾನಿಗೆ ಬೀಳುತ್ತದೆ. ಕ್ಯಾನ್ ತುಂಬಿದ ಮೇಲೆ ಅದನ್ನು ಕಟ್ಟೆಯ ಮೇಲೆ ನೆರಳಿಗೆ ಎಳೆದಿಡುತ್ತಾರೆ. ಕೆಲವರು ಒದ್ದೆ ಗೋಣಿಚೀಲ ಹೊದಿಸುತ್ತಾರೆ. ಗಾಡಿ ಸಮಯಕ್ಕೆ ಬಂದರೆ ಸರಿ. ತಡವಾದರೆ ತಂಪು ಘಟಕಕ್ಕೆ ಹೋದ ಮೇಲೆ ‘ಹುಳಿ ಬಂದಿದೆ’ ಅಂತ ಕ್ಯಾನ್ ವಾಪಸ್. ಆ ಒಂದು ಕ್ಯಾನಿನಲ್ಲಿ ಹತ್ತು ಹನ್ನೆರಡು ಮನೆಗಳ ಹಾಲು ಇರುತ್ತದೆ. ರೂಟ್ ಹಾಕುವವರು ಆ ಕಟ್ಟೆಯ ಮೇಲಿನ ಕ್ಯಾನನ್ನು ಕಣ್ಣಮುಂದೆ ಇಟ್ಟುಕೊಂಡು ಹಾಕಬೇಕು.

ಹಾಲಿನಲ್ಲಿ ದಾರಿಯ ದಿಕ್ಕು ಬಹಳ ಮುಖ್ಯ. ಒಂದು ಸುತ್ತನ್ನು ಎಡದಿಂದ ಬಲಕ್ಕೆ ಹೋದರೂ ಬಲದಿಂದ ಎಡಕ್ಕೆ ಹೋದರೂ ಕಿಲೋಮೀಟರ್ ಅಷ್ಟೇ. ಆದರೆ ಹತ್ತಿರದ ಹಳ್ಳಿಯಿಂದ ಶುರು ಮಾಡಿದರೆ ಆ ಹಾಲು ಇಡೀ ಸುತ್ತು ಗಾಡಿಯಲ್ಲೇ ಬಿಸಿಲು ಕಾಯುತ್ತದೆ. ಖಾಲಿ ಗಾಡಿ ನೇರ ತುದಿಗೆ ಹೋಗಿ, ಬರುವಾಗ ತುಂಬಿಕೊಂಡು ಬಂದರೆ ಭಾರ ಹೊರುವ ದೂರವೂ ಕಡಿಮೆ, ಹಾಲು ಗಾಡಿಯಲ್ಲಿರುವ ಹೊತ್ತೂ ಕಡಿಮೆ. ಹಂಚುವ ಕೆಲಸದಲ್ಲಿ ಇದು ತಿರುಗುಮುರುಗು: ಭಾರದ ಗಿರಾಕಿಗೆ ಮೊದಲು ಇಳಿಸಿ ಹಗುರಾಗಿ ಮುಂದೆ ಹೋಗಿ. ಒಂದು ಮಾತು ಮರೆಯಬೇಡಿ. ತುದಿಯ ಹಳ್ಳಿಯಿಂದ ಶುರುಮಾಡಿದರೆ ಆ ಊರಿನ ಹೆಣ್ಣುಮಕ್ಕಳು ಎಲ್ಲರಿಗಿಂತ ಮುಂಚೆ ಎದ್ದು ಹಾಲು ಕರೆಯಬೇಕು. ಅವರನ್ನು ಕೇಳದೆ ಆ ಸಮಯ ಗೊತ್ತು ಮಾಡುವುದು ಸರಿಯಲ್ಲ.

ಕೊಡುವುದು ಮತ್ತು ತರುವುದು ಎರಡೂ ಒಂದೇ ಗಾಡಿಯಲ್ಲಿ ನಡೆಯುವಾಗ ಲೆಕ್ಕ ಇನ್ನಷ್ಟು ಬದಲಾಗುತ್ತದೆ. ಬಳ್ಳಾರಿಯ ಜೀನ್ಸ್ ಕೆಲಸದವರಿಗೆ ಇದು ಗೊತ್ತು. ಕತ್ತರಿಸಿದ ಬಟ್ಟೆಯ ಕಟ್ಟು ಕೊಟ್ಟು, ಹೊಲಿದದ್ದನ್ನು ತಗೊಂಡು ಬರಬೇಕು. ಹೊಲಿದ ಪ್ಯಾಂಟು ಕತ್ತರಿಸಿದ ತುಂಡಿಗಿಂತ ಜಾಸ್ತಿ ಜಾಗ ತಿನ್ನುತ್ತದೆ. ಖಾಲಿ ಕ್ಯಾನೂ ಅಷ್ಟೆ. ತೂಕ ಇಲ್ಲ, ಆದರೆ ತುಂಬಿದ ಕ್ಯಾನಿನಷ್ಟೇ ಜಾಗ ಬೇಕು. ಹಳೇ ಬಾಕಿ ಕ್ಯಾನ್ ಮೂರು ಒಟ್ಟಿಗೆ ಕೊಡುವ ಮನೆ ಮೊದಲ ನಿಲುಗಡೆಯಾದರೆ ಇಡಲು ಜಾಗವೇ ಇರಲ್ಲ. ಅಂಥವರನ್ನು ಸುತ್ತಿನ ಕೊನೆಗೆ ಹಾಕಿ.

ಕಸದ ಗಾಡಿಯವರದ್ದು ಬೇರೆಯದೇ ಲೆಕ್ಕ. ನೀವು ಒಂದೊಂದು ಮನೆ ಅಂತ ಲೆಕ್ಕ ಹಾಕಬೇಡಿ, ರಸ್ತೆ ಅಂತ ಹಾಕಿ. ಪ್ರತಿ ಓಣಿಯಲ್ಲೂ ಗಾಡಿ ಹಾಯಬೇಕು, ಒಂದೇ ಓಣಿಯಲ್ಲಿ ಎರಡೆರಡು ಸಲ ಹಾಯಬಾರದು. ಚೀನಾದ ಗಣಿತಜ್ಞ ಗುವಾನ್ ಮೇಗು 1960ರಲ್ಲಿ ಇದನ್ನು ಅಂಚೆಯವನ ಸಮಸ್ಯೆಯಾಗಿ ಬಿಡಿಸಿದರು. ತಿರುಳು ಇಷ್ಟು: ನಾಲ್ಕು ರಸ್ತೆ ಕೂಡುವಲ್ಲಿ ತೊಂದರೆ ಇಲ್ಲ, ಒಂದರಿಂದ ಬಂದು ಇನ್ನೊಂದರಲ್ಲಿ ಹೋಗಬಹುದು. ಮೂರು ರಸ್ತೆ ಕೂಡುವಲ್ಲಿ ಮತ್ತು ಮುಂದೆ ದಾರಿಯಿಲ್ಲದ ಓಣಿಯ ತುದಿಯಲ್ಲಿ ಒಂದು ಉಳಿದುಬಿಡುತ್ತದೆ, ಮತ್ತೆ ಹಾಯಬೇಕಾಗುತ್ತದೆ. ಅಂಥ ಜಾಗಗಳನ್ನು ಎರಡೆರಡಾಗಿ, ಹತ್ತಿರದವನ್ನು ಹತ್ತಿರದ್ದಕ್ಕೆ ಜೋಡಿ ಮಾಡಿ, ಆ ಜೋಡಿಗಳ ನಡುವಿನ ದಾರಿಯನ್ನು ಮಾತ್ರ ಎರಡು ಸಲ ಓಡಿ. ವಾರ್ಡಿನ ನಕ್ಷೆ ಹರವಿಕೊಂಡು ಮೂರು ದಾರಿ ಕೂಡುವಲ್ಲೆಲ್ಲ ಕೆಂಪು ಚುಕ್ಕೆ ಇಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಇನ್ನು ರಾಯಚೂರಿನ ಅಂದ್ರೂನ್ ಕಿಲ್ಲಾ, ಬಳ್ಳಾರಿಯ ಕೌಲ್ ಬಜಾರಿನಂಥ ಕಡೆ ಟಿಪ್ಪರ್ ಹೋಗದ ಸಂದಿಗಳಿವೆ. ಅಲ್ಲಿ ತಳ್ಳುಗಾಡಿ ಒಳಗೆ ಹೋಗಬೇಕು, ಟಿಪ್ಪರ್ ಗೊತ್ತಾದ ಜಾಗದಲ್ಲಿ ಗೊತ್ತಾದ ಹೊತ್ತಿಗೆ ಬಂದು ನಿಲ್ಲಬೇಕು. ಆ ಹೊತ್ತು ತಪ್ಪಿದರೆ ಪೌರಕಾರ್ಮಿಕರು ಬಿಸಿಲಲ್ಲಿ ಕಸದ ಪಕ್ಕ ನಿಂತು ಕಾಯಬೇಕು. ಟಿಪ್ಪರ್ ಸಮಯವನ್ನು ಅವರ ಕಾಲಿನ ನಡಿಗೆಗೆ ಹೊಂದಿಸಿ, ಅವರನ್ನು ಟಿಪ್ಪರಿಗೆ ಓಡಿಸಬೇಡಿ.

ಹೊತ್ತು ಅಂದೆ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಎರಡು ಕಿಲೋಮೀಟರ್ ಉಳಿಯುತ್ತದೆ ಅಂತ ದಿನಾ ರೂಟ್ ಬದಲಿಸುವುದಕ್ಕಿಂತ, ಎರಡು ಕಿಲೋಮೀಟರ್ ಜಾಸ್ತಿಯಾದರೂ ಅದೇ ಹೊತ್ತಿಗೆ ಅದೇ ಮುಖ ಬಾಗಿಲಿಗೆ ಬರುವುದು ಮೇಲು. ಕಸದ ಗಾಡಿ ಒಂದು ದಿನ ಏಳಕ್ಕೆ, ಒಂದು ದಿನ ಹತ್ತಕ್ಕೆ ಬಂದರೆ ಜನ ಕಾಯಲ್ಲ. ಕೂಲಿಗೆ ಹೋಗುವವರು ಬಕೆಟ್ ಹಿಡಿದು ಎಷ್ಟು ಹೊತ್ತು ನಿಲ್ಲುತ್ತಾರೆ? ಚೀಲ ಕಟ್ಟಿ ಮೂಲೆಯಲ್ಲಿ ಬಿಸಾಡಿ ಹೋಗುತ್ತಾರೆ. ಆ ಮೂಲೆಯೇ ಆಮೇಲೆ ಬ್ಲ್ಯಾಕ್ ಸ್ಪಾಟ್ ಆಗುತ್ತದೆ, ಅದನ್ನು ತೆಗೆಯೋಕೆ ಇನ್ನೊಂದು ಗಾಡಿ. ನೀರಿನ ಕ್ಯಾನೂ ಹಾಗೇ. ‘ಅಣ್ಣಾರ, ಇವತ್ತು ಬರ್ತೀರೇನ್ರಿ?’ ಅಂತ ದಿನಾ ಫೋನ್ ಬರುತ್ತಿದ್ದರೆ ನಿಮ್ಮ ದಿನದ ಪಟ್ಟಿ ಇನ್ನೂ ಜನರ ತಲೆಯಲ್ಲಿ ಕೂತಿಲ್ಲ ಅಂತಲೇ. 2009ರಲ್ಲಿ ಗ್ರೋಯರ್, ಗೋಲ್ಡನ್, ವಾಸಿಲ್ ಅನ್ನುವವರು ಇದನ್ನೇ ಗಣಿತಕ್ಕೆ ತಂದರು. ಒಬ್ಬ ಗಿರಾಕಿಗೆ ಯಾವಾಗಲೂ ಒಬ್ಬನೇ ಡ್ರೈವರ್, ಹೆಚ್ಚುಕಮ್ಮಿ ಅದೇ ಸಮಯ ಅನ್ನುವುದನ್ನು ಕಡ್ಡಾಯ ಷರತ್ತಾಗಿ ಇಟ್ಟು ರೂಟ್ ಹಾಕುವುದು ಹೇಗೆ ಅಂತ ತೋರಿಸಿದರು.

ಊರೊಳಗಿನ ಸುತ್ತಿನಲ್ಲಿ ಓಡುವ ಹೊತ್ತಿಗಿಂತ ನಿಲ್ಲುವ ಹೊತ್ತೇ ಜಾಸ್ತಿ. ಲೆಕ್ಕ ನೋಡಿ. 40 ನಿಲುಗಡೆ, ಒಂದೊಂದಕ್ಕೆ ಮೂರು ನಿಮಿಷ ಅಂದರೆ ಎರಡು ಗಂಟೆ. ಸುತ್ತು 18 ಕಿಲೋಮೀಟರ್, ಗಂಟೆಗೆ 15ರ ವೇಗ, ಅಂದರೆ ಒಂದು ಗಂಟೆ 12 ನಿಮಿಷ. ತಲೆ ಕೆಡಿಸಿಕೊಂಡು ಮೂರು ಕಿಲೋಮೀಟರ್ ಕಡಿಮೆ ಮಾಡಿದರೆ ಉಳಿಯುವುದು 12 ನಿಮಿಷ. ಪ್ರತಿ ನಿಲುಗಡೆಯಲ್ಲಿ ಅರ್ಧ ನಿಮಿಷ ಉಳಿಸಿದರೆ 20 ನಿಮಿಷ. ಖಾಲಿ ಕ್ಯಾನ್ ಬಾಗಿಲಾಚೆ ಇಟ್ಟಿರಲಿ, ಚಿಲ್ಲರೆ ಹುಡುಕುವ ಬದಲು ತಿಂಗಳಿಗೊಮ್ಮೆ ಫೋನ್‌ಪೇ ಮಾಡಲಿ. ಅಷ್ಟಕ್ಕೇ ಅರ್ಧ ನಿಮಿಷ ಸಿಗುತ್ತದೆ.

ಕೊನೆಗೆ ನಮ್ಮ ನೆಲದ ಮಾತು. ಪುಸ್ತಕದ ಲೆಕ್ಕಕ್ಕೆ ಎಲ್ಲ ದಿನವೂ ಒಂದೇ. ನಮಗೆ ಹಾಗಲ್ಲ. ಶನಿವಾರ ಅಂಜನಾದ್ರಿಗೆ ಜನ ಕಿಕ್ಕಿರಿಯುತ್ತಾರೆ, ಆನೆಗೊಂದಿ, ಸಂಗಾಪುರದ ಕಡೆ ಹೋಗುವವರಿಗೆ ಬುಧ-ಶನಿ ಜೋಡಿ ಬೇಡವೇ ಬೇಡ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಹುಲಿಗಿಯಲ್ಲಿ ಹುಲಿಗೆಮ್ಮನ ಭಕ್ತರು. ಆ ಕಡೆಯ ಗಿರಾಕಿಗಳಿಗೆ ಮಂಗಳ-ಶುಕ್ರ ಕೊಡಬೇಡಿ. ಭತ್ತದ ಸುಗ್ಗಿಯಲ್ಲಿ ಮಿಲ್ಲುಗಳ ಮುಂದೆ ಟ್ರ್ಯಾಕ್ಟರ್, ಲಾರಿ ಸಾಲು ನಿಲ್ಲುತ್ತದೆ. ಆಗ ಕಾರಟಗಿ ದಾರಿಯ ಶ್ರೀರಾಮನಗರದ ಸುತ್ತನ್ನು ಬೆಳಗಿನ ಜಾವಕ್ಕೆ ಹಾಕಬೇಕು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ಹಳ್ಳಿಹಳ್ಳಿಯಿಂದ ದಾಸೋಹಕ್ಕೆ ರೊಟ್ಟಿ, ದವಸ ಹೊತ್ತ ಗಾಡಿಗಳು ಬರುತ್ತವೆ. ಆ ದಿನಗಳಲ್ಲಿ ಕೊಪ್ಪಳ ಊರೊಳಗೆ ನಿಮ್ಮ ಗಾಡಿ ಹೋಗಲ್ಲ, ಹೋಗಬಾರದು ಕೂಡ. ಹಿಂದಿನ ದಿನವೇ ಎರಡು ದಿನದ್ದು ಕೊಟ್ಟುಬಿಡಿ. ಇವನ್ನೆಲ್ಲ ಒಂದು ಕ್ಯಾಲೆಂಡರಿನಲ್ಲಿ ವರ್ಷದ ಮೊದಲೇ ಗುರುತು ಮಾಡಿಕೊಳ್ಳಿ.

ಇಷ್ಟು ಮಾತಾದ ಮೇಲೆ ಪ್ರಶ್ನೆಗಳು ಬಂದವು.

ನೀರಿನ ವ್ಯಾಪಾರದ ಒಬ್ಬರು ಕೇಳಿದರು: ‘ಹೊಸ ಗಿರಾಕಿ ಬಂದರೆ ಇಡೀ ಪಟ್ಟಿ ಮತ್ತೆ ಮಾಡಬೇಕೇನ್ರಿ?’

ಬೇಡ. ಅವರಿಗೆ ‘ಯಾವ ದಿನ ಬೇಕು’ ಅಂತ ಕೇಳಬೇಡಿ, ಸೋಮವಾರ ಅಂತಲೇ ಅನ್ನುತ್ತಾರೆ. ನಿಮ್ಮ ಗಾಡಿ ಆ ಓಣಿಗೆ ಆಗಲೇ ಯಾವ ದಿನ ಹೋಗುತ್ತಿದೆ ನೋಡಿ, ‘ನಿಮ್ಮ ಓಣಿಗೆ ಮಂಗಳವಾರ, ಶುಕ್ರವಾರ ಬರ್ತೀವಿ’ ಅಂತ ಹೇಳಿ. ಅಲ್ಲಿ ನೀವು ಹೋಗುವುದೇ ಇಲ್ಲವಾದರೆ, ಅವರೊಬ್ಬರನ್ನು ಸೇರಿಸಿದರೆ ಪ್ರತಿ ಸುತ್ತಿಗೆ ಎಷ್ಟು ಕಿಲೋಮೀಟರ್ ಜಾಸ್ತಿ ಆಗುತ್ತದೆ ಅಂತ ಲೆಕ್ಕ ಹಾಕಿ, ವಾರದ ಸಲಕ್ಕೆ ಗುಣಿಸಿ. ಅದೇ ಓಣಿಯಲ್ಲಿ ಇನ್ನು ಮೂರು ಮನೆ ಸಿಗುವ ತನಕ ಕಾಯುವುದೂ ಒಂದು ಉತ್ತರ. ಮೂರು ತಿಂಗಳಿಗೊಮ್ಮೆ ಮಾತ್ರ ಪೂರ್ತಿ ಪಟ್ಟಿ ಮತ್ತೆ ನೋಡಿ. ಅದಕ್ಕಿಂತ ಬೇಗ ಬೇಗ ಬದಲಿಸಿದರೆ ಜನ ಗಲಿಬಿಲಿಯಾಗುತ್ತಾರೆ.

ಬೇಕರಿಯವರೊಬ್ಬರು: ‘ಇದಕ್ಕೆ ಆ್ಯಪ್ ಇಲ್ವಾ ಸಾರ್?’

ಇವೆ. ಗೂಗಲ್‌ನ ಓಆರ್-ಟೂಲ್ಸ್ ಅನ್ನುವ ಸಾಫ್ಟ್‌ವೇರ್ ಉಚಿತ, ಪ್ರೋಗ್ರಾಂ ಬರೆಯಲು ಬರುವ ಹುಡುಗರು ಊರಲ್ಲಿದ್ದರೆ ಅದರಲ್ಲಿ ಮಾಡಿಕೊಡಬಹುದು. ಆದರೆ ಅದಕ್ಕೆ ಹಾಕಲು ಮಾಹಿತಿ ಬೇಕು: ಪ್ರತಿ ಗಿರಾಕಿಯ ಜಾಗ, ವಾರಕ್ಕೆ ಎಷ್ಟು ಸಲ, ಎಷ್ಟು ಮಾಲು, ಎಷ್ಟು ಹೊತ್ತಿಗೆ ಬಾಗಿಲು ತೆಗೆದಿರುತ್ತದೆ, ಅಲ್ಲಿ ಎಷ್ಟು ನಿಮಿಷ ಹಿಡಿಯುತ್ತದೆ. ಇದು ಈಗ ನಿಮ್ಮ ಡ್ರೈವರ್ ತಲೆಯಲ್ಲಿದೆ. ಯಾವ ಓಣಿಯಲ್ಲಿ ಹಿಂದಕ್ಕೆ ತಿರುಗಿಸೋಕೆ ಬರಲ್ಲ, ಯಾವ ಶಾಲೆ ಮುಂದೆ ಒಂಬತ್ತಕ್ಕೆ ಸಿಕ್ಕಿಕೊಳ್ಳುತ್ತೇವೆ ಅನ್ನುವುದು ಮೊಬೈಲ್ ಮ್ಯಾಪಿಗೆ ಗೊತ್ತಿಲ್ಲ, ಅವರಿಗೆ ಗೊತ್ತು. ಅವರ ಪಕ್ಕ ಕೂತು ಒಂದು ವಾರ ಬರೆದುಕೊಳ್ಳಿ. ಆ ಬರವಣಿಗೆಗೆ ಅವರಿಗೆ ಬೇರೆ ದುಡ್ಡು ಕೊಡಿ, ಅದು ಅವರ ವರ್ಷಗಳ ದುಡಿಮೆ. ಆಮೇಲೆ ಆ್ಯಪ್ ತರಿಸಿ.

ಕೊನೆಯ ಪ್ರಶ್ನೆ ಹಾಲಿನ ಗಾಡಿಯವರದು. ‘ಹೊಳೆ ಬಂದ್ರ ಏನ್ ಮಾಡೋಣ್ರಿ? ಕಂಪ್ಲಿ ಸೇತುವೆ ಬಂದ್ ಆತಂದ್ರ ಎಲ್ಲಾ ರೂಟ್ ಕೆಡ್ತೈತಿ.’

ಸರಿಯಾದ ಪ್ರಶ್ನೆ. ತುಂಗಭದ್ರಾ ಜಲಾಶಯದಿಂದ ಜಾಸ್ತಿ ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುತ್ತದೆ, ಗಂಗಾವತಿ ಮತ್ತು ಕಂಪ್ಲಿ ನಡುವಿನ ಓಡಾಟ ನಿಲ್ಲುತ್ತದೆ. ಲಿಂಗಸುಗೂರು ಕಡೆ ಕೃಷ್ಣೆಗೆ ನೀರು ಬಿಟ್ಟರೆ ಶೀಲಹಳ್ಳಿ ಸೇತುವೆಯದ್ದೂ ಅದೇ ಕಥೆ, ನಡುಗಡ್ಡೆಯ ಊರುಗಳು ಕಡಿದುಹೋಗುತ್ತವೆ. ಇದು ಅಪರೂಪದ ಅನಾಹುತ ಅಲ್ಲ, ಒಳ್ಳೆ ಮಳೆಯಾದ ವರ್ಷ ಬಂದೇ ಬರುವಂಥದ್ದು. ಹಾಗಾಗಿ ಮಳೆಗಾಲಕ್ಕೆ ಅಂತಲೇ ಎರಡನೇ ರೂಟ್ ಪಟ್ಟಿ ಮೇ ತಿಂಗಳಲ್ಲೇ ಬರೆದಿಡಿ. ಬುಕ್ಕಸಾಗರ-ಕಡೇಬಾಗಿಲು ಸೇತುವೆ ಮೇಲೆ ಸುತ್ತಿ ಹೋದರೆ ಎಷ್ಟು ಹೊತ್ತು ಜಾಸ್ತಿ ಹಿಡಿಯುತ್ತದೆ ಅಂತ ಒಣಗಾಲದಲ್ಲೇ ಒಂದು ಸಲ ಗಾಡಿ ಓಡಿಸಿ ನೋಡಿ. ಆ ಹೆಚ್ಚಿನ ಹೊತ್ತು ಹಾಲಿಗೆ ತಡೆಯಲ್ಲ ಅಂತಾದರೆ, ಹೊಳೆಯ ಆಚೆಯ ಹಳ್ಳಿಗಳ ಹಾಲನ್ನು ಆ ದಿನಗಳಲ್ಲಿ ಆಚೆ ದಡದ ತಂಪು ಘಟಕಕ್ಕೇ ಹಾಕಲು ಒಕ್ಕೂಟದ ಜೊತೆ ಈಗಲೇ ಮಾತಾಡಿಕೊಳ್ಳಿ. ಯಾವ ಹಳ್ಳಿಗೆ ಎಷ್ಟು ಹೊತ್ತಿಗೆ ಗಾಡಿ ಬರುತ್ತದೆ ಅನ್ನುವುದನ್ನು ಪ್ರತಿ ಡೇರಿಯ ಗೋಡೆಗೆ ಎರಡು ಸಾಲಿನಲ್ಲಿ ಬರೆಸಿ: ಒಂದು ಸೇತುವೆ ತೆರೆದಿರುವಾಗಿನ ಹೊತ್ತು, ಇನ್ನೊಂದು ಮುಚ್ಚಿರುವಾಗಿನ ಹೊತ್ತು. ನೀರು ಬಿಡುವ ಸುದ್ದಿ ಬಂದ ಸಂಜೆ ನೀವು ಎಲ್ಲ ಕಾರ್ಯದರ್ಶಿಗಳಿಗೂ ‘ನಾಳೆಯಿಂದ ಎರಡನೇ ಸಾಲು’ ಅಂತ ಒಂದು ಮೆಸೇಜ್ ಹಾಕಿದರೆ ಸಾಕು, ಹಾಲು ಕರೆಯುವ ಹೊತ್ತನ್ನು ಜನ ಅವರೇ ಹೊಂದಿಸಿಕೊಳ್ಳುತ್ತಾರೆ.